ಹಾಳಾಗಿ ಮಾಡಿಫೈ ಮಾಡಿದ ಚೈನ್‌ಸಾ ಮತ್ತೆ ಸರಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪವರ್ ಜಾಸ್ತಿ ಮಾಡುತ್ತೇನೆ ಅಂತ ಯಾರೋ ಬಿಚ್ಚಿ, ಉಜ್ಜಿ, ತೂತು ಹೊಡೆದು, ಕೊನೆಗೆ ಕೈಬಿಟ್ಟ ಮಷೀನುಗಳ ಬಗ್ಗೆ ಇಲ್ಲಿರುವ ಪ್ರಶ್ನೆಗಳು. ಎಲ್ಲವೂ ಪೆಟ್ರೋಲಿನ ಎರಡು ಸ್ಟ್ರೋಕ್ ಚೈನ್‌ಸಾಗೆ ಸಂಬಂಧಿಸಿದ್ದು. ಮಾಡಿಫೈ ಮಾಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಚೆನ್ನಾಗಿ ಪೋರ್ಟಿಂಗ್ ಮಾಡಿದ, ಅಂದರೆ ಸಿಲಿಂಡರಿನ ಗಾಳಿ, ಹೊಗೆಯ ದಾರಿಗಳನ್ನು (ಪೋರ್ಟುಗಳನ್ನು) ಉಜ್ಜಿ ತಿದ್ದಿದ ಮಷೀನು ಮರದೊಳಗೆ ಇಳಿಯುವುದನ್ನು ನೋಡುವುದೇ ಖುಷಿ. ಆದರೆ ಅಳತೆ ತೆಗೆಯದೆ ಮಾಡಿದ ಕೆಲಸವನ್ನು ಅಳತೆ ತೆಗೆಯದೆ ಸರಿ ಮಾಡಲು ಆಗುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಹಳೇ ಮಷೀನು ತಗೊಂಡೆ. ಒಳಗೆ ಯಾರಾದರೂ ಕೈ ಆಡಿಸಿದ್ದಾರಾ ಅಂತ ಹೇಗೆ ತಿಳಿಯೋದು?

ಮೊದಲು ಸ್ಕ್ರೂಗಳ ತಲೆ ನೋಡಿ. ಸೈಲೆನ್ಸರ್ ಬೋಲ್ಟು, ಸಿಲಿಂಡರ್ ಬುಡದ ಬೋಲ್ಟುಗಳ ತಲೆ ಉರುಟಾಗಿದ್ದರೆ ಯಾರೋ ಬಿಚ್ಚಿದ್ದಾರೆ ಅಂತಲೇ ಅರ್ಥ. ಸಿಲಿಂಡರ್ ಮತ್ತು ಕ್ರ್ಯಾಂಕ್‌ಕೇಸ್ (ಕೆಳಗಿರುವ, ಕ್ರ್ಯಾಂಕ್ ತಿರುಗುವ ಡಬ್ಬಿ) ಸೇರುವ ಕಡೆ ಸಿಲಿಕಾನ್ ಅಂಟು ಉಬ್ಬಿ ಹೊರಗೆ ಬಂದಿದೆಯಾ ನೋಡಿ. ಕಾರ್ಬುರೇಟರ್ ಸ್ಕ್ರೂಗಳು ಒಂದು ಮಿತಿಗಿಂತ ಹೆಚ್ಚು ತಿರುಗದ ಹಾಗೆ ಮೇಲೆ ಚಿಕ್ಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ಕತ್ತರಿಸಿದ್ದರೆ ಅದೂ ಒಂದು ಗುರುತು.

ಆಮೇಲೆ ಸೈಲೆನ್ಸರ್ ಬಿಚ್ಚಿ, ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಒಳಗೆ ಟಾರ್ಚ್ ಬಿಡಿ. ಕಂಪನಿಯಿಂದ ಬಂದ ಪೋರ್ಟಿನ ಗೋಡೆ ಎರಕದ್ದು, ಸ್ವಲ್ಪ ತರಿತರಿಯಾಗಿರುತ್ತದೆ. ಗ್ರೈಂಡರ್ ಆಡಿಸಿದ ಪೋರ್ಟ್ ಹೊಳೆಯುತ್ತದೆ, ಇಲ್ಲವೇ ಗೀರು ಗೀರಾಗಿರುತ್ತದೆ. ಹಗ್ಗವನ್ನು ನಿಧಾನಕ್ಕೆ ಎಳೆಯುತ್ತಾ ಪಿಸ್ಟನ್ನಿನ ಮೈ, ರಿಂಗು, ಪೋರ್ಟಿನ ಅಂಚು ಮೂರನ್ನೂ ನೋಡಿ. ಐದು ನಿಮಿಷದ ಕೆಲಸ ಅಷ್ಟೇ, ಆದರೆ ಮಷೀನಿನ ಅರ್ಧ ಕಥೆ ಇಲ್ಲೇ ಗೊತ್ತಾಗುತ್ತದೆ.

ಒಮ್ಮೆ ಸ್ಟಾರ್ಟ್ ಮಾಡಿ ನೋಡಿದರೆ ಏನಾಗುತ್ತದೆ?

ಏನೂ ಆಗದೇ ಇರಬಹುದು. ಅಥವಾ ಇನ್ನೂ ಉಳಿಸಬಹುದಾಗಿದ್ದ ಸಿಲಿಂಡರ್ ಆ ಒಂದು ನಿಮಿಷದಲ್ಲಿ ಕೈಬಿಟ್ಟು ಹೋಗಬಹುದು. ಎರಡು ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಎಲ್ಲಿಂದಲೋ ಗಾಳಿ ಎಳೆದುಕೊಂಡು ಪೆಟ್ರೋಲಿನ ಪಾಲು ಕಮ್ಮಿಯಾದರೆ, ಅಂದರೆ ಮಿಶ್ರಣ ಲೀನ್ ಆದರೆ, ಬಿಸಿಯೂ ಏರುತ್ತದೆ, ಎಣ್ಣೆಯೂ ಇಳಿಯುತ್ತದೆ. ಪಿಸ್ಟನ್ ಊದಿ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಕಚ್ಚಿಕೊಳ್ಳುತ್ತದೆ (ಇದೇ ಸೀಜ್). ಹಾಗಾಗಿ ಕಂಪ್ರೆಶನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರಿನೊಳಗಿನ ಒತ್ತಡ), ಪೋರ್ಟ್, ಗಾಳಿ ಸೋರಿಕೆ ಮೂರನ್ನೂ ನೋಡುವ ತನಕ ಸ್ಟಾರ್ಟ್ ಮಾಡಬೇಡಿ.

ಎಂಜಿನ್ ಕೆಲಸಕ್ಕೆ ಮುಂಚೆ ಏನು ಸರಿ ಮಾಡಬೇಕು?

ಜೀವ ಉಳಿಸುವ ಭಾಗಗಳನ್ನು. ಇದರಲ್ಲಿ ನನಗೆ ರಾಜಿ ಇಲ್ಲ. ಚೈನ್ ಬ್ರೇಕ್ ಬಿಚ್ಚಿಟ್ಟ ಮಷೀನು, ಚೈನ್ ತುಂಡಾದಾಗ ಹಿಡಿಯುವ ಕೊಕ್ಕೆ ಇಲ್ಲದ ಮಷೀನು, ಟ್ರಿಗರ್ ಲಾಕನ್ನು ಟೇಪು ಸುತ್ತಿ ಕಟ್ಟಿಹಾಕಿದ ಮಷೀನು, ಇಂಥವು ಎಷ್ಟೇ ಚೆನ್ನಾಗಿ ಓಡಿದರೂ ಓಡಿಸಬಾರದು. ಕಂಪನ ತಡೆಯುವ ರಬ್ಬರ್ ಅಥವಾ ಸ್ಪ್ರಿಂಗ್ ತೆಗೆದು, ಆ ಜಾಗಕ್ಕೆ ಗಟ್ಟಿ ಬೋಲ್ಟು ಬಿಗಿದವರೂ ಇದ್ದಾರೆ. ಹಿಡಿತ ಗಟ್ಟಿಯಾಯಿತು ಅಂತ ಅನ್ನಿಸುತ್ತದೆ ಅಷ್ಟೇ. ಆ ನಡುಕ ವರ್ಷಗಟ್ಟಲೆ ಕೈಗೆ ಬಡಿದರೆ ಬೆರಳಿನ ರಕ್ತನಾಳ, ನರಗಳು ಹಾಳಾಗುತ್ತವೆ. ಹೋದದ್ದು ವಾಪಸ್ ಬರುವುದು ಕಷ್ಟ.

ಗಾಳಿ ಸೋರಿಕೆ ಪರೀಕ್ಷೆ ಹೇಗೆ ಮಾಡುವುದು? ಅಷ್ಟು ಮುಖ್ಯವಾ?

ಇಡೀ ರಿಪೇರಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಪೋರ್ಟಿಂಗ್‌ನಿಂದ ಮಷೀನು ಸತ್ತಿತು ಅಂತ ಎಲ್ಲರೂ ಹೇಳುತ್ತಾರೆ. ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಕೊಂದಿರುವುದು ಪೋರ್ಟಿಂಗ್ ಅಲ್ಲ, ವಾಪಸ್ ಜೋಡಿಸುವಾಗ ಸರಿಯಾಗಿ ಮುಚ್ಚದ ಒಂದು ಜಾಯಿಂಟ್.

ಕಾರ್ಬುರೇಟರ್ ಮತ್ತು ಸೈಲೆನ್ಸರ್ ತೆಗೆಯಿರಿ. ಎಕ್ಸಾಸ್ಟ್ ಬಾಯಿಗೆ ಹಳೇ ಟ್ಯೂಬಿನ ರಬ್ಬರ್ ತುಂಡು ಇಟ್ಟು, ಮೇಲೆ ಸೈಲೆನ್ಸರ್ ಅಥವಾ ಒಂದು ಪಟ್ಟಿ ಬಿಗಿಯಿರಿ. ಕಾರ್ಬುರೇಟರ್ ಕೂರುವ ಇನ್‌ಟೇಕ್ ಕಡೆ ನಳಿಕೆ ಇರುವ ಒಂದು ಮುಚ್ಚಳ ಕೂರಿಸಿ. ಪ್ಲಗ್ ಜಾಗದಲ್ಲೇ ಇರಲಿ. ಗೇಜ್ ಇರುವ ಕೈಪಂಪಿನಿಂದ ಸುಮಾರು 0.5 ಬಾರ್ ಒತ್ತಡ ಕೊಡಿ. ಮುಳ್ಳು ನಿಲ್ಲಬೇಕು. ಇಳಿಯುತ್ತಿದ್ದರೆ ಸೋಪು ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ: ಸಿಲಿಂಡರ್ ಬುಡ, ಇನ್‌ಟೇಕ್ ರಬ್ಬರ್, ಡಿಕಂಪ್ರೆಶನ್ ವಾಲ್ವ್, ಪ್ಲಗ್ಗಿನ ಸುತ್ತ, ಫ್ಲೈವೀಲ್ ಮತ್ತು ಕ್ಲಚ್ಚಿನ ಹಿಂದಿರುವ ಆಯಿಲ್ ಸೀಲ್.

ಇಷ್ಟಕ್ಕೇ ನಿಲ್ಲಿಸಬೇಡಿ. ಅಷ್ಟೇ ಪ್ರಮಾಣದ ನಿರ್ವಾತವನ್ನೂ ಎಳೆದು ನೋಡಬೇಕು. ಆಯಿಲ್ ಸೀಲಿನ ತುಟಿ ಒಳಗಿನ ಒತ್ತಡಕ್ಕೆ ಶಾಫ್ಟಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಸವೆದ ಸೀಲೂ ಆಗ ಪಾಸಾಗಿಬಿಡುತ್ತದೆ. ಎಳೆತ ಕೊಟ್ಟಾಗ ತುಟಿ ಶಾಫ್ಟಿನಿಂದ ಎದ್ದು ನಿಜ ಹೊರಬೀಳುತ್ತದೆ. ಎರಡೂ ಪರೀಕ್ಷೆಯ ವೇಳೆ ಕ್ರ್ಯಾಂಕನ್ನು ನಿಧಾನಕ್ಕೆ ತಿರುಗಿಸಿ, ಯಾಕೆಂದರೆ ಕೆಲವು ಸೀಲು ನಿಂತಾಗ ಹಿಡಿಯುತ್ತವೆ, ತಿರುಗಿದಾಗ ಬಿಡುತ್ತವೆ.

ಗೇಜ್ ಇಲ್ಲದಿದ್ದರೆ? ಓಡುವ ಮಷೀನಿನಲ್ಲಿ ಕೆಲವು ಸುಳಿವು ಸಿಗುತ್ತವೆ. ಟ್ರಿಗರ್ ಬಿಟ್ಟ ಮೇಲೂ ವೇಗ ಇಳಿಯಲು ತಡ ಮಾಡುವುದು, ಮಷೀನನ್ನು ಎಡಕ್ಕೆ ಬಲಕ್ಕೆ ವಾಲಿಸಿದಾಗ ಐಡಲ್ (ಟ್ರಿಗರ್ ಒತ್ತದಿರುವಾಗಿನ ವೇಗ) ಏರಿಳಿಯುವುದು. ಆದರೆ ಇವು ಸುಳಿವು ಮಾತ್ರ. ಕೈಪಂಪ್ ಮತ್ತು ಗೇಜ್ ತಗೊಳ್ಳಿ. ಒಂದು ಸಿಲಿಂಡರ್ ಉಳಿದರೂ ಹಾಕಿದ ದುಡ್ಡು ಬಂದ ಹಾಗೆ.

ಬುಡದ ಗ್ಯಾಸ್ಕೆಟ್ ತೆಗೆದು ಸಿಲಿಕಾನ್ ಹಚ್ಚಿದ್ದಾರೆ. ಹಾಗೇ ಬಿಡಬಹುದಾ?

ಗ್ಯಾಸ್ಕೆಟ್ ತೆಗೆಯುವುದರ ಹಿಂದೆ ಒಂದು ಲೆಕ್ಕ ಇದೆ. ಸಿಲಿಂಡರ್ ಅರ್ಧ ಮಿಲಿಮೀಟರಿನಷ್ಟು ಕೆಳಗೆ ಕೂರುತ್ತದೆ, ಕಂಪ್ರೆಶನ್ ಏರುತ್ತದೆ. ಆದರೆ ಪಿಸ್ಟನ್ನಿನ ತಲೆಗೂ ಸಿಲಿಂಡರಿನ ಮೇಲ್ಛಾವಣಿಗೂ ನಡುವಿನ ಸಂದು, ಅಂದರೆ ಸ್ಕ್ವಿಶ್, ಅಷ್ಟೇ ಕಮ್ಮಿಯಾಗುತ್ತದೆ. ಪೂರ್ತಿ ವೇಗದಲ್ಲಿ ಕನೆಕ್ಟಿಂಗ್ ರಾಡ್ ಕೂದಲೆಳೆಯಷ್ಟು ಹಿಗ್ಗುತ್ತದೆ, ಬೇರಿಂಗಿನ ಸಡಿಲವೂ ಅದಕ್ಕೆ ಸೇರುತ್ತದೆ. ಸಂದು ಸಾಕಾಗದಿದ್ದರೆ ಪಿಸ್ಟನ್ ಮೇಲೆ ಬಡಿಯುತ್ತದೆ.

ಅಳೆಯುವುದು ಸುಲಭ. 1.5 ಮಿಮೀ ದಪ್ಪದ ಮೆತ್ತನೆ ಸೋಲ್ಡರ್ ವೈರನ್ನು ಪ್ಲಗ್ ತೂತಿನಿಂದ ಒಳಗೆ ಬಿಡಿ. ತುದಿ ಬೋರಿನ ಗೋಡೆಗೆ ತಾಗಬೇಕು, ಪಿಸ್ಟನ್ ಪಿನ್ನಿನ ಸಾಲಿನಲ್ಲೇ ಇರಬೇಕು. ಅಡ್ಡಕ್ಕೆ ಇಟ್ಟರೆ ಪಿಸ್ಟನ್ ವಾಲಿ ತಪ್ಪು ಅಳತೆ ಬರುತ್ತದೆ. ಫ್ಲೈವೀಲನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ವರ್ನಿಯರಿನಲ್ಲಿ ಅಳೆಯಿರಿ. ಎರಡೂ ಬದಿ ನೋಡಿ. ನಾನು 0.5 ಮಿಮೀ ಇಟ್ಟುಕೊಳ್ಳುತ್ತೇನೆ. 0.4ಕ್ಕಿಂತ ಕಮ್ಮಿ ಬಂದರೆ ಗ್ಯಾಸ್ಕೆಟ್ ವಾಪಸ್ ಹಾಕುತ್ತೇನೆ. ಎಡಬಲ ಅಳತೆ ಬೇರೆ ಬೇರೆ ಬಂದರೆ ಸಿಲಿಂಡರ್ ನೇರ ಕೂತಿಲ್ಲ, ಅಥವಾ ಅದರ ಬುಡವನ್ನು ಕೈಯಲ್ಲೇ ಎಮರಿ ಪೇಪರಿನ ಮೇಲೆ ಉಜ್ಜಿ ಓರೆ ಮಾಡಿದ್ದಾರೆ.

ಸಿಲಿಂಡರ್ ಕೆಳಗಿಳಿದರೆ ಪೋರ್ಟುಗಳೂ ಇಳಿಯುತ್ತವೆ, ಇದನ್ನು ಮರೆಯುವವರೇ ಜಾಸ್ತಿ. ಎಕ್ಸಾಸ್ಟ್ ಮತ್ತು ಟ್ರಾನ್ಸ್‌ಫರ್ (ಕ್ರ್ಯಾಂಕ್‌ಕೇಸಿನಿಂದ ಮಿಶ್ರಣ ಮೇಲೆ ಬರುವ ದಾರಿ) ತಡವಾಗಿ ತೆರೆಯುತ್ತವೆ, ಇನ್‌ಟೇಕ್ ಹೆಚ್ಚು ಹೊತ್ತು ತೆರೆದಿರುತ್ತದೆ. ಇನ್ನೊಂದು ಅಪಾಯ ಇದೆ: ಪಿಸ್ಟನ್ ತುತ್ತತುದಿಗೆ ಏರಿದಾಗ ಅದರ ಕೆಳಗಿನ ಅಂಚು ಎಕ್ಸಾಸ್ಟ್ ಪೋರ್ಟಿನ ತಳವನ್ನು ಇನ್ನೂ ಮುಚ್ಚಿರಬೇಕು. ತಳ ಇಳಿದು ಆ ಅಂಚಿನ ಕೆಳಗೆ ಸೀಳು ಕಂಡರೆ ಕ್ರ್ಯಾಂಕ್‌ಕೇಸಿಗೂ ಸೈಲೆನ್ಸರಿಗೂ ನೇರ ದಾರಿ ಆಯಿತು. ಸುಟ್ಟ ಹೊಗೆ ಒಳಗೆ ಬರುತ್ತದೆ, ಶಕ್ತಿ ಸೋರುತ್ತದೆ. ಸೈಲೆನ್ಸರ್ ತೆಗೆದು ಟಾರ್ಚ್ ಬಿಟ್ಟರೆ ಕಣ್ಣಿಗೇ ಕಾಣುತ್ತದೆ.

ಅಂಟಿನ ವಿಷಯಕ್ಕೆ ಬಂದರೆ, ಸಾಮಾನ್ಯ ಸಿಲಿಕಾನ್ ಪೆಟ್ರೋಲಿಗೆ ನಿಲ್ಲುವುದಿಲ್ಲ. ಊದಿ, ಮೆತ್ತಗಾಗಿ, ಕಳಚುತ್ತದೆ. ಅರ್ಧ ಟ್ಯಾಂಕ್ ಚೆನ್ನಾಗಿ ಓಡಿ ಆಮೇಲೆ ಫುಲ್ ರೇಸಿನಲ್ಲಿ ಸಾಯುತ್ತಿದ್ದ ಒಂದು ಮಷೀನು ನನ್ನ ಹತ್ತಿರ ಬಂದಿತ್ತು. ಪೆಟ್ರೋಲ್ ಪೈಪು, ಫಿಲ್ಟರ್, ಟ್ಯಾಂಕಿನ ಗಾಳಿ ತೂತು ಎಲ್ಲ ಸರಿ ಇತ್ತು. ಕಾರ್ಬುರೇಟರ್ ತೆಗೆದರೆ, ಕ್ರ್ಯಾಂಕ್‌ಕೇಸಿನ ಒತ್ತಡದ ಬಡಿತವನ್ನು ಕಾರ್ಬುರೇಟರಿನ ಪಂಪಿಗೆ ಮುಟ್ಟಿಸುವ ತೂತಿನ ಬಾಯಲ್ಲಿ ಕೆಂಪು ಸಿಲಿಕಾನಿನ ಒಂದು ನಾಲಿಗೆ ನೇತಾಡುತ್ತಿತ್ತು. ಅದು ಬಿಸಿಯಾಗಿ ಊದಿದಾಗ ತೂತು ಮುಚ್ಚುತ್ತಿತ್ತು, ಪಂಪ್ ಸೋಲುತ್ತಿತ್ತು, ಮಿಶ್ರಣ ಲೀನ್ ಆಗುತ್ತಿತ್ತು. ಚಿಮಟದಲ್ಲಿ ಎಳೆದರೆ ಅಂಗುಲದಷ್ಟು ಉದ್ದ ಬಂತು. ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಆಗಲೇ ಗೀರು ಬಿದ್ದಿತ್ತು. ಗ್ಯಾಸ್ಕೆಟ್ ಇಲ್ಲದೆ ಕೂರಿಸಲೇಬೇಕಾದರೆ, ಪೆಟ್ರೋಲ್ ತಾಳುವ ಸೀಲಂಟನ್ನು ತೆಳ್ಳಗೆ ಸವರಿ, ಕಂಪನಿ ಹೇಳಿದ ಬಿಗಿತಕ್ಕೆ ಬೋಲ್ಟು ಕಟ್ಟಿ. ಒಳಗೆ ಉಬ್ಬುವಷ್ಟು ಬೇಡ.

ಎಕ್ಸಾಸ್ಟ್ ಪೋರ್ಟನ್ನು ಸಿಕ್ಕಾಪಟ್ಟೆ ಅಗಲ ಮಾಡಿದ್ದಾರೆ. ಉಳಿಸಬಹುದಾ?

ಎಷ್ಟು ಅಗಲ, ಎಷ್ಟು ಎತ್ತರ ಅನ್ನುವುದರ ಮೇಲೆ ಹೋಗುತ್ತದೆ.

ಅಗಲದ ಲೆಕ್ಕ ಬೋರಿನ ವ್ಯಾಸದ ಮೇಲೆ. ಹಸ್ಕ್‌ವರ್ನಾ 372 ಎಕ್ಸ್‌ಪಿಯಂಥ ಮಷೀನಿನಲ್ಲಿ ಬೋರ್ 50 ಮಿಮೀ, ಸ್ಟ್ರೋಕ್ 36 ಮಿಮೀ, ಒಟ್ಟು 70.7 ಸಿಸಿ. ಮಧ್ಯೆ ಕಂಬ ಇಲ್ಲದ ಪೋರ್ಟ್ ಬೋರಿನ ಶೇ 60ರಿಂದ 65ರಷ್ಟು, ಅಂದರೆ ಇಲ್ಲಿ 30ರಿಂದ 32 ಮಿಮೀ ತನಕ ಇದ್ದರೆ ಭಯ ಇಲ್ಲ. 35 ಮಿಮೀ ಹತ್ತಿರ ಹೋದರೆ ರಿಂಗು ಆ ಖಾಲಿ ಜಾಗದಲ್ಲಿ ಹೊರಗೆ ಉಬ್ಬಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಪೋರ್ಟಿನ ಆಕಾರವೂ ಮುಖ್ಯ. ಮೇಲಂಚು ಕಮಾನಿನ ಹಾಗೆ ಬಾಗಿದ್ದರೆ ರಿಂಗು ನಿಧಾನಕ್ಕೆ ಒಳಸರಿಯುತ್ತದೆ. ಚೌಕಾಕಾರ, ಚೂಪು ಮೂಲೆ ಇದ್ದರೆ ಇಡೀ ರಿಂಗು ಒಮ್ಮೆಲೇ ಬಡಿಯುತ್ತದೆ. ರಿಂಗಿನ ಬಾಯಿ ಇರುವ ಜಾಗ, ಅಂದರೆ ಪಿಸ್ಟನ್ನಿನಲ್ಲಿರುವ ಚಿಕ್ಕ ಪಿನ್ನು, ಯಾವ ಪೋರ್ಟಿನ ಮೇಲೂ ಹಾದು ಹೋಗಬಾರದು. ಟ್ರಾನ್ಸ್‌ಫರನ್ನೋ ಇನ್‌ಟೇಕನ್ನೋ ಅಗಲ ಮಾಡುವ ಭರದಲ್ಲಿ ಇದನ್ನು ಮರೆತ ಸಿಲಿಂಡರ್ ಸಿಕ್ಕರೆ ಅದನ್ನು ಪಕ್ಕಕ್ಕಿಡಿ.

ಎತ್ತರದ ಸಮಸ್ಯೆ ಬೇರೆ. ಸಾಮಾನ್ಯವಾಗಿ ಪಿಸ್ಟನ್ ಮೇಲಿನಿಂದ ಇಳಿಯುತ್ತಾ, ಕ್ರ್ಯಾಂಕ್ ಸುಮಾರು 100 ಡಿಗ್ರಿ ತಿರುಗಿದಾಗ ಎಕ್ಸಾಸ್ಟ್ ತೆರೆಯುತ್ತದೆ, ಸುಮಾರು 120ರಲ್ಲಿ ಟ್ರಾನ್ಸ್‌ಫರ್. ನಡುವಿನ 20 ಡಿಗ್ರಿಯಲ್ಲಿ ಹೊಗೆ ಹೊರಗೆ ಹೋಗಬೇಕು. 36 ಮಿಮೀ ಸ್ಟ್ರೋಕಿನ ಎಂಜಿನ್ನಿನಲ್ಲಿ ಪೋರ್ಟಿನ ಮೇಲಂಚನ್ನು 1 ಮಿಮೀ ಎತ್ತಿದರೆ ಎಕ್ಸಾಸ್ಟ್ ಸುಮಾರು ಮೂರೂವರೆ ಡಿಗ್ರಿ ಬೇಗ ತೆರೆಯುತ್ತದೆ. 2 ಮಿಮೀ ಎತ್ತಿದರೆ ಏಳು ಡಿಗ್ರಿ. ಆಗ ಮಷೀನು ಗಾಳಿಯಲ್ಲಿ ಕಿರುಚುತ್ತದೆ, ಮರಕ್ಕೆ ಒತ್ತಿದ ತಕ್ಷಣ ಸೊರಗುತ್ತದೆ. ಕಂಪ್ರೆಶನ್ ಕೂಡ ಇಳಿದಿರುತ್ತದೆ.

ತೆಗೆದ ಲೋಹ ವಾಪಸ್ ಬರುವುದಿಲ್ಲ. ಆದರೆ ಲೇತಿನಲ್ಲಿ ಸಿಲಿಂಡರಿನ ಬುಡವನ್ನು ಅಷ್ಟು ಕಡಿದು, ಅಷ್ಟೇ ಅಳತೆಗೆ ಮೇಲ್ಛಾವಣಿಯ ಅಂಚಿನ ಸ್ಕ್ವಿಶ್ ಪಟ್ಟಿಯನ್ನೂ ಕಡಿದರೆ ಎಕ್ಸಾಸ್ಟ್ ಟೈಮಿಂಗ್ ಮತ್ತೆ ಸರಿಯಾದ ಜಾಗಕ್ಕೆ ಬರುತ್ತದೆ. ಟ್ರಾನ್ಸ್‌ಫರ್ ಮತ್ತು ಇನ್‌ಟೇಕನ್ನು ಆಮೇಲೆ ಹೊಂದಿಸಬೇಕು. ಇದು ಡಿಗ್ರಿ ಗುರುತಿರುವ ಚಕ್ರವನ್ನು ಕ್ರ್ಯಾಂಕಿಗೆ ಕಟ್ಟಿ, ಕಾಗದದ ಮೇಲೆ ಬರೆದುಕೊಂಡು ಮಾಡುವ ಕೆಲಸ. ಒಂದು ಮಿಲಿಮೀಟರಿನ ಒಳಗಿನ ತಪ್ಪಾದರೆ ಮಾಡಿ. ಅದಕ್ಕಿಂತ ಜಾಸ್ತಿ ಆಗಿದ್ದರೆ ಬೇರೆ ಸಿಲಿಂಡರ್ ಹುಡುಕುವುದೇ ವಾಸಿ.

ಪೋರ್ಟಿನ ಅಂಚಿನಲ್ಲಿ ಸಿಪ್ಪೆ ಎದ್ದ ಹಾಗೆ ಕಾಣುತ್ತದೆ. ಏನದು?

ಅದು ಬೋರಿನ ಲೇಪ. ಇಂದಿನ ಸಿಲಿಂಡರುಗಳು ಅಲ್ಯೂಮಿನಿಯಂ. ಅದರ ಮೇಲೆ ನಿಕ್ಕಲ್ ಸಿಲಿಕಾನ್ ಕಾರ್ಬೈಡ್ ಅಥವಾ ಕ್ರೋಮಿನ ತೆಳು, ಗಟ್ಟಿ ಪದರ ಇರುತ್ತದೆ. ಹೊರಗಿನಿಂದ ಒಳಕ್ಕೆ ಗ್ರೈಂಡರ್ ನೂಕಿದರೆ, ಅಥವಾ ದೊರಗು ಬರ್ ಬಳಸಿದರೆ, ಅಂಚಿನಲ್ಲಿ ಆ ಪದರ ಚಕ್ಕೆಯಾಗಿ ಏಳುತ್ತದೆ. ಉಗುರಿನ ತುದಿಯನ್ನು ಅಂಚಿನ ಮೇಲೆ ಎಳೆದು ನೋಡಿ. ಸಿಕ್ಕಿಕೊಂಡರೆ ರಿಂಗೂ ಸಿಕ್ಕಿಕೊಳ್ಳುತ್ತದೆ.

ಲೇಪ ಗಟ್ಟಿಯಾಗಿದ್ದು ಅಂಚು ಮಾತ್ರ ಚೂಪಾಗಿದ್ದರೆ, ನಯವಾದ ಸಾಣೆ ಕಲ್ಲು ಮತ್ತು ಎಮರಿ ಪೇಪರಿನಲ್ಲಿ ಅಂಚನ್ನು ಉರುಟು ಮಾಡಿ. ಅನೇಕ ಸಿಲಿಂಡರುಗಳು ಇಷ್ಟರಲ್ಲೇ ಬದುಕಿಕೊಳ್ಳುತ್ತವೆ. ಲೇಪ ಒಳಕ್ಕೆ ಹರಿದು ಬೋರಿನಲ್ಲಿ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಕಂಡರೆ, ಮತ್ತೆ ಲೇಪ ಹಾಕಿಸಬೇಕು, ಇಲ್ಲವೇ ಎಸೆಯಬೇಕು. ಹೋನಿಂಗ್ ಮಾಡಿದರೆ (ಬೋರನ್ನು ಕಲ್ಲಿನಿಂದ ಉಜ್ಜಿದರೆ) ಸರಿ ಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಸೀಜ್ ಆದ ಬೋರಿನಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿದೆ. ಆಸಿಡ್ ಹಾಕಬಹುದಾ?

ನಿಕ್ಕಲ್ ಲೇಪದ ಬೋರಿಗೆ ಹೈಡ್ರೋಕ್ಲೋರಿಕ್ ಆಸಿಡ್ ಕೆಲಸ ಮಾಡುತ್ತದೆ. ಹತ್ತಿ ಕಡ್ಡಿಯಲ್ಲಿ ಅಂಟಿದ ಜಾಗಕ್ಕೆ ಮಾತ್ರ ಸವರಿ. ಅಲ್ಯೂಮಿನಿಯಂ ಇರುವ ತನಕ ನೊರೆ ಏಳುತ್ತದೆ, ಮುಗಿದ ಮೇಲೆ ನಿಲ್ಲುತ್ತದೆ. ಪೋರ್ಟಿನ ಒಳಗೆ ಒಂದು ಹನಿಯೂ ಬೀಳಬಾರದು. ಅಲ್ಲಿ ಲೇಪ ಇಲ್ಲ, ಸಿಲಿಂಡರನ್ನೇ ತಿನ್ನುತ್ತದೆ. ಕ್ರೋಮ್ ಬೋರಾದರೆ ಈ ಆಸಿಡ್ ಬೇಡವೇ ಬೇಡ, ಕ್ರೋಮನ್ನು ಅದು ಕರಗಿಸುತ್ತದೆ. ಸಿಲಿಂಡರನ್ನು ಮಷೀನಿನಿಂದ ಬಿಚ್ಚಿ, ಬಯಲಿನಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಮಾಡಿ. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಎಣ್ಣೆ ಹಚ್ಚಿ.

ಸ್ವಚ್ಛ ಮಾಡುವ ಮುಂಚೆ ಗೀರುಗಳನ್ನು ಒಮ್ಮೆ ಓದಿಕೊಳ್ಳಿ. ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಇದ್ದರೆ ಹೆಚ್ಚಾಗಿ ಲೀನ್ ಮತ್ತು ಬಿಸಿ. ಸುತ್ತಲೂ ಇದ್ದರೆ ಎಣ್ಣೆ ಇಲ್ಲದ ಪೆಟ್ರೋಲ್. ಇನ್‌ಟೇಕ್ ಬದಿಯಲ್ಲಿ ಸವೆತ ಇದ್ದರೆ ಏರ್ ಫಿಲ್ಟರ್ ದಾಟಿ ಬಂದ ಧೂಳು. ಕಾರಣ ಸಿಗದೆ ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಸೈಲೆನ್ಸರಿಗೆ ಐದಾರು ತೂತು ಹೊಡೆದಿದ್ದಾರೆ. ಮುಚ್ಚಬೇಕಾ?

ಸೈಲೆನ್ಸರ್ ಸ್ವಲ್ಪ ತೆರೆದರೆ ಮಷೀನು ಉಸಿರಾಡುತ್ತದೆ, ಅದು ನಿಜ. ಕೆಟ್ಟ ಕೆಲಸ ಅಂದರೆ ತೂತಿನ ಬಿಸಿ ನೇರ ಪ್ಲಾಸ್ಟಿಕ್ ಮುಚ್ಚಳಕ್ಕೋ, ಬ್ರೇಕ್ ಹಿಡಿಕೆಗೋ, ಮರ ಕೊಯ್ಯುವವನ ಕೈಗೋ ಬಡಿಯುವ ಹಾಗೆ ಹೊಡೆದಿರುವುದು. ಕಿಡಿ ತಡೆಯುವ ಜಾಲರಿಯನ್ನೂ ಕಿತ್ತಿರುತ್ತಾರೆ. ಒಣಗಿದ ಹುಲ್ಲಿರುವ ಕಡೆ ಅದು ಕಾಡಿಗೆ ಬೆಂಕಿ ಇಟ್ಟ ಹಾಗೆಯೇ. ಅಡ್ಡಾದಿಡ್ಡಿ ತೂತಿಗೆ ತಗಡು ವೆಲ್ಡ್ ಮಾಡಿ, ಬೇಕಿದ್ದರೆ ಮುಂದಕ್ಕೆ ಮುಖ ಮಾಡಿದ ಒಂದೇ ದಾರಿ ಬಿಟ್ಟು ಜಾಲರಿ ಕೂರಿಸಿ. ವೆಲ್ಡಿಂಗ್ ಮುಗಿದ ಮೇಲೆ ಒಳಗಿನ ಚೂರುಗಳನ್ನು ಅಲುಗಾಡಿಸಿ ತೆಗೆಯಿರಿ. ಒಂದು ಚೂರು ಪೋರ್ಟಿನೊಳಗೆ ಹಾರಿದರೆ ಪಿಸ್ಟನ್ ಗತಿ ಅಷ್ಟೇ.

ಕಾರ್ಬುರೇಟರ್ ಟ್ಯೂನ್ ಮಾಡುವುದು ಹೇಗೆ? ಹಳೆಯ ಸೆಟ್ಟಿಂಗಿಗೆ ಇಟ್ಟರೆ ಸಾಲದಾ?

ಸಾಲದು. ಗಾಳಿಯ ದಾರಿ ಬದಲಾದರೆ ಪೆಟ್ರೋಲಿನ ಅಳತೆಯೂ ಬದಲಾಗಬೇಕು. ಸೈಲೆನ್ಸರ್ ತೆರೆದು ಕಾರ್ಬುರೇಟರ್ ಮುಟ್ಟದೆ ಬಿಟ್ಟ ಮಷೀನುಗಳೇ ಬೇಗ ಸಾಯುವುದು.

ಫಿಲ್ಟರ್ ಸ್ವಚ್ಛವಾಗಿರಲಿ, ಚೈನ್ ಚೂಪಾಗಿರಲಿ, ಮಷೀನು ಬಿಸಿಯಾಗಿರಲಿ. ಮೊದಲು ಎಲ್ ಸ್ಕ್ರೂ (ಕಮ್ಮಿ ವೇಗದ ಪೆಟ್ರೋಲಿಗೆ): ಟ್ರಿಗರ್ ಒತ್ತಿದ ಕೂಡಲೇ ತಡವರಿಸದೆ ಏರಬೇಕು. ಆಮೇಲೆ ಐಡಲ್: ಚೈನ್ ತಿರುಗಬಾರದು. ಕೊನೆಗೆ ಎಚ್ ಸ್ಕ್ರೂ (ಹೆಚ್ಚು ವೇಗದ ಪೆಟ್ರೋಲಿಗೆ). ಫುಲ್ ರೇಸಿನಲ್ಲಿ ಬರಿ ಗಾಳಿಯಲ್ಲಿ ಓಡುವಾಗ ಸದ್ದು ಸ್ವಲ್ಪ ಒಡೆದ ಹಾಗೆ, ಬರಬರ ಅನ್ನಬೇಕು. ಮರಕ್ಕೆ ಒತ್ತಿದಾಗ ಆ ಒಡಕು ಹೋಗಿ ಸದ್ದು ಶುದ್ಧವಾಗಬೇಕು. ಮರದಿಂದ ಎತ್ತಿದಾಗ ಒಡಕು ಮರಳಿ ಬರಬೇಕು. ಗಾಳಿಯಲ್ಲೇ ಸೀಟಿ ಹೊಡೆದ ಹಾಗೆ ಶುದ್ಧವಾಗಿ ಕೂಗಿದರೆ ಲೀನ್ ಆಗಿದೆ, ತಕ್ಷಣ ಸ್ಕ್ರೂ ಸ್ವಲ್ಪ ತೆರೆದು ಪೆಟ್ರೋಲ್ ಜಾಸ್ತಿ ಮಾಡಿ.

ಇಲ್ಲೊಂದು ಮೋಸ ಇದೆ. ಕೆಲವು ಮಷೀನುಗಳಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಒಂದು ವೇಗ ದಾಟಿದ ಮೇಲೆ ಕಿಡಿಯನ್ನು ತಡೆಯುತ್ತದೆ. ಆ ಸದ್ದೂ ಹೀಗೇ ಒಡೆದ ಹಾಗೆ ಕೇಳುತ್ತದೆ. ಪೆಟ್ರೋಲ್ ಜಾಸ್ತಿ ಇದೆ ಅಂತ ಕಿವಿ ಹೇಳುತ್ತದೆ, ನಿಜಕ್ಕೂ ಮಿಶ್ರಣ ಲೀನ್. ಅದಕ್ಕೇ ಟ್ಯಾಕೋಮೀಟರ್ ಬೇಕು. 372 ಎಕ್ಸ್‌ಪಿಗೆ ಕಂಪನಿಯ ಮಿತಿ ನಿಮಿಷಕ್ಕೆ 13,500 ಸುತ್ತು. ನಿಮ್ಮ ಮಷೀನಿನ ಮಿತಿ ಅದರ ಕೈಪಿಡಿಯಲ್ಲಿ ಇರುತ್ತದೆ. ರಿಪೇರಿ ಮಾಡಿದ ಮಷೀನನ್ನು ನಾನು ಆ ಮಿತಿಗಿಂತ ಕೆಳಗೇ ನಿಲ್ಲಿಸುತ್ತೇನೆ.

ತಾನೇ ಟ್ಯೂನ್ ಆಗುವ ಮಷೀನಾದರೆ?

ಆಟೋಟ್ಯೂನ್, ಎಂ-ಟ್ರಾನಿಕ್ ಥರದ ಮಷೀನುಗಳು ಪೆಟ್ರೋಲನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಒಳ್ಳೆಯದೇ. ಆದರೆ ಚಿಕ್ಕ ಗಾಳಿ ಸೋರಿಕೆಯನ್ನೂ ಅವು ಮುಚ್ಚಿಟ್ಟುಬಿಡುತ್ತವೆ. ಸೋರಿಕೆ ಬೆಳೆದು ಹೊಂದಿಸುವ ಮಿತಿ ದಾಟಿದ ದಿನ ಒಮ್ಮೆಲೇ ಕೈಕೊಡುತ್ತದೆ. ಇಂಥ ಮಷೀನಿಗೆ ಒತ್ತಡದ ಪರೀಕ್ಷೆ ಇನ್ನೂ ಮುಖ್ಯ.

ಹಗ್ಗ ಎಳೆದರೆ ಕೈ ಕಿತ್ತು ಹೋಗುವ ಹಾಗೆ ವಾಪಸ್ ಜಗ್ಗುತ್ತದೆ. ಕಂಪ್ರೆಶನ್ ಜಾಸ್ತಿಯಾ?

ಇರಬಹುದು. ಆದರೆ ಮೊದಲು ಫ್ಲೈವೀಲ್ ಬಿಚ್ಚಿ ಅದರ ಕೀ (ಶಾಫ್ಟಿನ ಮೇಲೆ ಅದರ ಜಾಗ ತೋರಿಸುವ ಚಿಕ್ಕ ಲೋಹದ ತುಂಡು) ನೋಡಿ. ಕಿಡಿ ಬೇಗ ಬರಲಿ ಅಂತ ಕೀಯನ್ನು ಅರದಿಂದ ಉಜ್ಜಿ, ಫ್ಲೈವೀಲನ್ನು ಸ್ವಲ್ಪ ತಿರುಗಿಸಿ ಕೂರಿಸುವುದು ಹಳೆಯ ಚಾಳಿ. ಅತಿಯಾದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಹತ್ತಿ ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ತಲೆಯ ಅಂಚಿನಲ್ಲಿ ಮರಳು ಎರಚಿದ ಹಾಗೆ ಚಿಕ್ಕ ಚಿಕ್ಕ ಗುಳಿ ಕಂಡರೆ ಇದೇ ಕಾರಣ ಇರಬಹುದು. ಕೀ ಹೊಸದು ಹಾಕಿ. ಶಾಫ್ಟಿನ ಓರೆ ಭಾಗವನ್ನು ಎಣ್ಣೆ ಇಲ್ಲದಂತೆ ಒರೆಸಿ ನಟ್ಟನ್ನು ಸರಿಯಾದ ಬಿಗಿತಕ್ಕೆ ಕಟ್ಟಿ. ಫ್ಲೈವೀಲನ್ನು ಹಿಡಿದಿಡುವುದು ಆ ಓರೆಯ ಹಿಡಿತ. ಕೀ ಬರೀ ಜಾಗ ತೋರಿಸಲು ಇರುವುದು. ಕಾಯಿಲಿಗೂ ಫ್ಲೈವೀಲಿಗೂ ನಡುವಿನ ಸಂದು ಸಾಮಾನ್ಯವಾಗಿ 0.3 ಮಿಮೀ ಆಸುಪಾಸು.

ಕ್ರ್ಯಾಂಕ್ ಬಿಚ್ಚಲೇಬೇಕಾ?

ಸಿಲಿಂಡರ್ ಮಷೀನಿನ ಮೇಲೇ ಇದ್ದಾಗ ಗ್ರೈಂಡರ್ ಆಡಿಸಿದ್ದರೆ ಹೌದು, ಬಿಚ್ಚಲೇಬೇಕು. ಪುಡಿ ಬೇರಿಂಗಿಗೆ ಹೋಗಿರುತ್ತದೆ, ಪೆಟ್ರೋಲ್ ಹಾಕಿ ಅಲುಗಾಡಿಸಿದರೆ ಪೂರ್ತಿ ಬರುವುದಿಲ್ಲ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ, ಸ್ವಲ್ಪವೂ ಸಡಿಲ ಇರಬಾರದು. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ. ಕೇಸಿನ ಎರಡು ಭಾಗವನ್ನು ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಆ ಗೀರೇ ಮುಂದೆ ಸೋರಿಕೆ. ಹೊಸ ಬೇರಿಂಗ್ ಕೂರಿಸುವಾಗ ಕೇಸನ್ನು 120ರಿಂದ 150 ಡಿಗ್ರಿಗೆ ಕಾಯಿಸಿ, ಬೇರಿಂಗನ್ನು ಫ್ರೀಜರಿನಲ್ಲಿಟ್ಟರೆ ಸುತ್ತಿಗೆ ಇಲ್ಲದೆ ಇಳಿಯುತ್ತದೆ. ಇಷ್ಟು ಮಾಡಿದ ಮೇಲೆ ಎರಡೂ ಆಯಿಲ್ ಸೀಲ್ ಹೊಸದೇ ಹಾಕಿ.

ಕೇಸು ಹೆಚ್ಚಾಗಿ ಮೆಗ್ನೀಸಿಯಂ. ಅದರ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸಲು ಆಗುವುದಿಲ್ಲ. ಉಜ್ಜುವ ಕೆಲಸ ಇದ್ದರೆ ಪುಡಿ ಗುಡ್ಡೆಯಾಗಲು ಬಿಡಬೇಡಿ.

ಪಿಸ್ಟನ್ ಹಾಕುವಾಗ ಏನು ಗಮನಿಸಬೇಕು?

ಬಾಣದ ಗುರುತು ಎಕ್ಸಾಸ್ಟ್ ಕಡೆಗೆ. ಪಿನ್ನಿನ ಲಾಕು ಪ್ರತಿ ಸಲ ಹೊಸದು, ಅದರ ಬಾಯಿ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಹಳೇ ಲಾಕು ಹಾರಿ ಬೋರನ್ನು ಸೀಳಿದ್ದನ್ನು ಒಮ್ಮೆ ನೋಡಿದವರು ಮತ್ತೆ ಹಳೆಯದನ್ನು ಬಳಸುವುದಿಲ್ಲ. ಯಾರಾದರೂ ಪಿಸ್ಟನ್ನಿನ ಕೆಳ ಅಂಚನ್ನು ಕತ್ತರಿಸಿದ್ದರೆ ಆ ಪಿಸ್ಟನ್ ಬೇಡ. ಅಗ್ಗದ ಸಿಲಿಂಡರ್ ಕಿಟ್ ತಗೊಂಡರೆ ಹಾಕುವ ಮುಂಚೆ ಪೋರ್ಟಿನ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಎಷ್ಟೋ ಕಿಟ್‌ಗಳಲ್ಲಿ ಅದು ಬ್ಲೇಡಿನ ಹಾಗಿರುತ್ತದೆ. ಜೊತೆಗೆ ಬಂದ ಲಾಕುಗಳನ್ನೂ ನಾನು ನಂಬುವುದಿಲ್ಲ.

ಥ್ರೆಡ್ ಹೋದ ಬೋಲ್ಟಿಗೆ ಎಪಾಕ್ಸಿ ಸಾಕಾ?

ಪ್ಲಾಸ್ಟಿಕ್ ಮುಚ್ಚಳಕ್ಕೆ ಸಾಕು. ಸೈಲೆನ್ಸರ್, ಪ್ಲಗ್, ಸಿಲಿಂಡರ್ ಬುಡಕ್ಕೆ ಸಾಲದು, ಬಿಸಿಗೆ ಬಿಡುತ್ತದೆ. ತಂತಿ ಸುರುಳಿಯ ಅಥವಾ ಲೋಹದ ಥ್ರೆಡ್ ಇನ್ಸರ್ಟ್ ಹಾಕಿ.

ಬಾರ್ ಮತ್ತು ಚೈನನ್ನೂ ಬದಲಾಯಿಸಿದ್ದಾರೆ. ಪರವಾಗಿಲ್ವಾ?

ಚಿಕ್ಕ ಮಷೀನಿಗೆ ಉದ್ದ ಬಾರ್ ಹಾಕಿದರೆ ಆಯಿಲ್ ಪಂಪಿಗೆ ಅಷ್ಟು ದೂರ ಎಣ್ಣೆ ತಲುಪಿಸಲು ಆಗುವುದಿಲ್ಲ, ಕ್ಲಚ್ ಕೂಡ ಬೇಯುತ್ತದೆ. ಕೈಪಿಡಿಯಲ್ಲಿರುವ ಉದ್ದಕ್ಕೆ ಬನ್ನಿ.

ಹಲ್ಲಿನ ಮುಂದಿರುವ ಡೆಪ್ತ್ ಗೇಜನ್ನು ತುಂಬಾ ಉಜ್ಜಿದ್ದಾರಾ ನೋಡಿ. ಅದು ಹಲ್ಲಿಗಿಂತ ಸುಮಾರು 0.65 ಮಿಮೀ ಕೆಳಗಿದ್ದರೆ ಸಾಕು. ತೀರಾ ಕೆಳಗಿದ್ದರೆ ಚೈನ್ ಮರವನ್ನು ಕಚ್ಚಿ ಎಳೆಯುತ್ತದೆ, ಮಷೀನು ಮುಖದ ಕಡೆ ಚಿಮ್ಮುವ ಅಪಾಯ ಹೆಚ್ಚುತ್ತದೆ. ಎಂಜಿನ್ ಬಲ ಸಾಲದು ಅಂತ ಮಾಡಿಫೈ ಮಾಡಲು ಹೊರಟ ಎಷ್ಟೋ ಮಷೀನುಗಳಿಗೆ ನಿಜಕ್ಕೂ ಬೇಕಿದ್ದದ್ದು ಸರಿಯಾಗಿ ಅರ ಹಾಕಿದ ಒಂದು ಚೈನ್.

ಯಾವಾಗ ಕೈಬಿಡಬೇಕು?

ಕ್ರ್ಯಾಂಕ್‌ಕೇಸ್ ಬಿರುಕು ಬಿಟ್ಟಿದ್ದರೆ, ಬೇರಿಂಗ್ ಕೂರುವ ಗುಳಿಯೇ ಸಡಿಲವಾಗಿದ್ದರೆ, ಲೇಪ ಹರಿದ ಸಿಲಿಂಡರಿಗೆ ಬದಲಿ ಸಿಗದಿದ್ದರೆ. ಉಳಿದ ಭಾಗಗಳನ್ನು ಬಿಚ್ಚಿಟ್ಟುಕೊಳ್ಳಿ, ಇನ್ನೊಂದು ಮಷೀನಿಗೆ ಆಗುತ್ತದೆ. ಪೂರ್ತಿ ಸ್ಟಾಕಿಗೆ, ಅಂದರೆ ಕಂಪನಿಯಿಂದ ಬಂದ ಹಾಗೆ, ಮರಳಿಸಬೇಕಾ ಅಂತಲೂ ಕೇಳುತ್ತಾರೆ. ಅಳತೆ ಸರಿ ಇರುವ ಪೋರ್ಟಿಂಗನ್ನು ನಾನು ಹಾಗೇ ಬಿಡುತ್ತೇನೆ. ಅಳತೆ ತಪ್ಪಿದ್ದನ್ನು ಮಾತ್ರ ಮರಳಿಸುತ್ತೇನೆ.

ಎಲ್ಲ ಜೋಡಿಸಿ ಆಯಿತು. ಮೊದಲ ಸಲ ಹೇಗೆ ಓಡಿಸಲಿ?

ಹೊಸ ಪೆಟ್ರೋಲ್, ಒಳ್ಳೆಯ ಟೂ-ಸ್ಟ್ರೋಕ್ ಎಣ್ಣೆ. ಕೈಪಿಡಿ 50:1 ಅಂದರೆ ಲೀಟರಿಗೆ 20 ಮಿಲಿ. ಎಚ್ ಸ್ಕ್ರೂವನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ತೆರೆದಿಡಿ. ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಟ್ರಿಗರ್ ಆಡಿಸುತ್ತಾ ಓಡಿಸಿ ನಿಲ್ಲಿಸಿ. ಪೂರ್ತಿ ತಣ್ಣಗಾಗಲಿ. ಸೈಲೆನ್ಸರ್, ಸಿಲಿಂಡರ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ, ಮೊದಲ ಬಿಸಿಗೆ ಸಡಿಲವಾಗುವುದು ಸಾಮಾನ್ಯ. ಚೈನ್ ಬ್ರೇಕ್ ಹಿಡಿಯುತ್ತದಾ ಪರೀಕ್ಷಿಸಿ. ಆಮೇಲೆ ಮರ ಕೊಯ್ಯಲು ಶುರು ಮಾಡಿ. ಬರಿ ಗಾಳಿಯಲ್ಲಿ ಫುಲ್ ರೇಸ್ ಕೊಟ್ಟು ಹಿಡಿಯಬೇಡಿ, ರಿಂಗು ಕೂರುವುದು ಕೆಲಸದ ಭಾರದಲ್ಲೇ.

ಮೊದಲ ಟ್ಯಾಂಕ್ ಮುಗಿದ ಮೇಲೆ ಸೈಲೆನ್ಸರ್ ಬಿಚ್ಚಿ ಪಿಸ್ಟನ್ನಿನ ಮೈ ನೋಡಿ. ಹೊಸ ಗೀರು ಇಲ್ಲದಿದ್ದರೆ ಎಚ್ ಸ್ಕ್ರೂವನ್ನು ಸರಿಯಾದ ಜಾಗಕ್ಕೆ ತನ್ನಿ. ಫುಲ್ ರೇಸ್ ವೇಗ, ಕಂಪ್ರೆಶನ್, ಸ್ಕ್ವಿಶ್ ಮೂರನ್ನೂ ಬರೆದು ಒಂದು ಚೀಟಿಯನ್ನು ಏರ್ ಫಿಲ್ಟರ್ ಮುಚ್ಚಳದ ಒಳಗೆ ಅಂಟಿಸಿ. ಮುಂದೆ ಈ ಮಷೀನನ್ನು ಬಿಚ್ಚುವವರಿಗೆ ಅದು ಬೇಕಾಗುತ್ತದೆ.